ಚಪ್ಪಾಳೆ ಬೇಡ, ಬರೆದುಕೊಳ್ಳಿ

ನನ್ನ ಮೊದಲ ಭಾಷಣಕ್ಕೆ ಬಿದ್ದಷ್ಟು ಚಪ್ಪಾಳೆ ಆಮೇಲೆ ಯಾವತ್ತೂ ಬಿದ್ದಿಲ್ಲ. ಆಗ ನನಗೆ ಹದಿನಾರು ವರ್ಷ. ಪರಿಸರದ ಬಗ್ಗೆ ಹಿರಿಯರೆಲ್ಲ ಸೇರಿದ್ದ ಸಭೆಯೊಂದರಲ್ಲಿ "ಯುವಜನರ ದನಿ" ಅಂತ ಐದು ನಿಮಿಷ ತೆಗೆದಿರಿಸಿದ್ದರು. ಆ ಐದು ನಿಮಿಷಕ್ಕೆ ಸಿಕ್ಕವಳು ನಾನು. ಶುರುವಿನಲ್ಲಿ ಗಂಟಲು ಒಣಗಿತು, ಕೊನೆಗೆ ಬರುವಾಗ ಕಣ್ಣು ಒದ್ದೆಯಾಯಿತು. "ನಮಗೆ ಉಸಿರಾಡಲು ಏನು ಉಳಿಸುತ್ತೀರಿ?" ಎಂದು ಕೇಳಿ ನಿಲ್ಲಿಸಿದೆ. ಸಭೆಗೆ ಸಭೆಯೇ ಎದ್ದು ಚಪ್ಪಾಳೆ ತಟ್ಟಿತು. ಫೋಟೊ ಆಯಿತು. ಒಬ್ಬರು ತಲೆ ಸವರಿ, "ನಿನ್ನಂಥವರೇ ನಮ್ಮ ಭರವಸೆ ಮಗಳೇ" ಅಂದರು. ಒಬ್ಬರೂ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ.

ಎರಡು ತಿಂಗಳಾದ ಮೇಲೆ ಆ ಸಭೆಯ ನಡಾವಳಿಯ ಪ್ರತಿ ಹೇಗೋ ಕೈಗೆ ಬಂತು. ಹನ್ನೊಂದು ಪುಟ. ಯಾರು ಯಾವ ತಿದ್ದುಪಡಿ ಕೇಳಿದರು, ಯಾವ ಅಂಕಿಗೆ ಯಾರು ತಕರಾರು ತೆಗೆದರು, ಎಲ್ಲ ಇತ್ತು. ನನ್ನದು ಒಂಬತ್ತನೇ ಪುಟದಲ್ಲಿ ಒಂದು ಸಾಲು: "ವಿದ್ಯಾರ್ಥಿನಿಯೊಬ್ಬರು ಪರಿಸರ ಕಾಳಜಿಯ ಕುರಿತು ಮನಮುಟ್ಟುವಂತೆ ಮಾತನಾಡಿದರು." ಏನು ಮಾತನಾಡಿದರು ಅಂತ ಇರಲಿಲ್ಲ. ಇರಬೇಕಾದರೆ ನಾನು ಏನಾದರೂ ಹೇಳಿರಬೇಕಲ್ಲ? ಆ ರಾತ್ರಿ ಭಾಷಣದ ಕಾಗದ ಹುಡುಕಿ ತೆಗೆದು ಓದಿದೆ. "ಇದು ತಪ್ಪು" ಎಂದು ಯಾರಾದರೂ ವಾದಕ್ಕೆ ನಿಲ್ಲಬಹುದಾದ ಒಂದು ವಾಕ್ಯವೂ ಅದರಲ್ಲಿರಲಿಲ್ಲ. ಭೂಮಿ ತಾಯಿ, ಮುಂದಿನ ಪೀಳಿಗೆ, ಹಸಿರೇ ಉಸಿರು. ಇದನ್ನೆಲ್ಲ ಯಾರು ಯಾಕೆ ಬರೆದುಕೊಳ್ಳುತ್ತಾರೆ?

ಆ ಧಾಟಿ ನನಗೆ ಹತ್ತಿದ್ದು ವಿಡಿಯೊಗಳಿಂದ. 1992ರಲ್ಲಿ ರಿಯೊ ಡಿ ಜನೈರೊದ ಭೂ ಶೃಂಗಸಭೆಯಲ್ಲಿ ಕೆನಡಾದ ಹನ್ನೆರಡು ವರ್ಷದ ಸೆವರ್ನ್ ಸುಝುಕಿ ಮಾತನಾಡಿದ್ದನ್ನು ಅದೆಷ್ಟು ಸಲ ನೋಡಿದ್ದೆನೋ. 2019ರ ಸೆಪ್ಟೆಂಬರ್ 23ರಂದು ಸ್ವೀಡನ್ನಿನ ಹುಡುಗಿ ಗ್ರೇತಾ ಥನ್‌ಬರ್ಗ್ ವಿಶ್ವಸಂಸ್ಥೆಯಲ್ಲಿ "ನಿಮಗೆಷ್ಟು ಧೈರ್ಯ" ಎಂದು ಗದರಿದ್ದಂತೂ ಬಾಯಿಪಾಠ. ನಡಾವಳಿ ಓದಿದ ಮೇಲೆ ಅದೇ ವಿಡಿಯೊವನ್ನು ಪೆನ್ನು ಹಿಡಿದು ಕೂತು ನೋಡಿದೆ. ಐದು ನಿಮಿಷವೂ ಇಲ್ಲದ ಆ ಮಾತಿನ ನಡುವೆ ಲೆಕ್ಕ ಇದೆ. ತಾಪಮಾನದ ಏರಿಕೆ 1.5 ಡಿಗ್ರಿ ದಾಟದಿರಲು ಶೇಕಡ 67ರಷ್ಟಾದರೂ ಅವಕಾಶ ಬೇಕೆಂದರೆ, 2018ರ ಜನವರಿ 1ಕ್ಕೆ ಜಗತ್ತು ಇನ್ನು ಹೊರಬಿಡಬಹುದಾಗಿದ್ದದ್ದು 420 ಗಿಗಾಟನ್ ಇಂಗಾಲದ ಡೈಆಕ್ಸೈಡ್ (ಒಂದು ಗಿಗಾಟನ್ ಅಂದರೆ ನೂರು ಕೋಟಿ ಟನ್). ಆಕೆ ಮಾತನಾಡುವ ಹೊತ್ತಿಗೆ ಅದು 350ಕ್ಕಿಂತ ಕೆಳಗೆ ಇಳಿದಿತ್ತು. ಸಿಟ್ಟು ಎಲ್ಲರಿಗೂ ನೆನಪಿದೆ, ಲೆಕ್ಕ ಯಾರಿಗೂ ಇಲ್ಲ. ನನಗೂ ಇರಲಿಲ್ಲ. ಆ ಭಾಷಣಕ್ಕೂ ಐದು ದಿನ ಮೊದಲು ಅಮೆರಿಕದ ಸಂಸತ್ತಿನ ಸಮಿತಿಯೊಂದು ಆಕೆಯನ್ನು ಸಾಕ್ಷ್ಯ ಹೇಳಲು ಕರೆಸಿತ್ತು. ಅಲ್ಲಿ ಆಕೆ ಉದ್ದ ಭಾಷಣ ಮಾಡಲಿಲ್ಲ. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿಯ 1.5 ಡಿಗ್ರಿ ವರದಿಯನ್ನು ಮುಂದಿಟ್ಟು, ಇದೇ ನನ್ನ ಸಾಕ್ಷ್ಯ, ನನ್ನ ಮಾತಲ್ಲ ವಿಜ್ಞಾನಿಗಳ ಮಾತು ಕೇಳಿ ಎಂದಳು. ಆ ವಿಡಿಯೊ ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಅದರಲ್ಲಿ ಅಳುವಂಥದ್ದೇನೂ ಇಲ್ಲವಲ್ಲ.

ಮತ್ತೆ ಮಾತನಾಡುವ ಸಂದರ್ಭ ಬರಲು ಒಂದು ವರ್ಷ ಹಿಡಿಯಿತು. ನಾವು ದಿನಾ ಓಡಾಡುವ ರಸ್ತೆಯನ್ನು ಅಗಲ ಮಾಡಲು ಎರಡೂ ಬದಿಯ ಸಾಲುಮರಗಳನ್ನು ತೆಗೆಯುವ ಪ್ರಸ್ತಾವ ಬಂತು. ಆಕ್ಷೇಪಣೆ ಸಲ್ಲಿಸಲು ಮೂವತ್ತು ದಿನ, ಆಮೇಲೆ ಬಹಿರಂಗ ವಿಚಾರಣೆ. ಪ್ರಕಟಣೆ ನಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ಅದರಲ್ಲಿ ಒಂಬತ್ತು ದಿನ ಕಳೆದುಹೋಗಿತ್ತು. ಎಲ್ಲಿ ಅಂಟಿಸಿದ್ದರು ಅಂತ ಕೇಳಬೇಡಿ. ಓದಬೇಕಾದವರು ಕಾಲಿಡದ ಜಾಗದಲ್ಲಿ.

ನಾವು ಐದು ಜನ, ಎಲ್ಲರೂ ಹದಿನೇಳರ ಆಸುಪಾಸಿನವರು. ಮೊದಲ ದಿನವೇ ಜಗಳ. "ಫಲಕ ಹಿಡಿದು ರಸ್ತೆ ಮಧ್ಯೆ ಕೂತರೆ ಸಂಜೆಯೊಳಗೆ ಸುದ್ದಿ ಆಗುತ್ತೆ. ನೀನು ಕಾಗದ, ಅನುಬಂಧ ಅಂತ ಕೂತಿರು, ಅಷ್ಟರಲ್ಲಿ ಮರ ಹೋಗಿರುತ್ತೆ" ಅಂದಳು ಗೆಳತಿ. ಅವಳ ಮಾತು ಸುಳ್ಳಲ್ಲ. 2018ರ ಆಗಸ್ಟ್‌ನಲ್ಲಿ ಸ್ವೀಡನ್ನಿನ ಸಂಸತ್ತಿನ ಎದುರು ಗ್ರೇತಾ ಒಬ್ಬಳೇ ಕೂತಿದ್ದಳು; 2019ರ ಮಾರ್ಚ್ 15ರಂದು ನೂರಕ್ಕೂ ಹೆಚ್ಚು ದೇಶಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗಿಳಿದರು. ಆ ಗದ್ದಲ ಆಗದೇ ಹೋಗಿದ್ದರೆ "ಯುವಜನರ ದನಿ" ಅಂತ ನನಗೆ ಆ ಐದು ನಿಮಿಷವನ್ನೂ ಯಾರೂ ಕೊಡುತ್ತಿರಲಿಲ್ಲ. ಕಡೆಗೆ ರಾಜಿಯಾದೆವು: ಹೊರಗೆ ಅವಳ ಫಲಕ, ಒಳಗೆ ನನ್ನ ಕಾಗದ. ಫಲಕದ ಮೇಲೆ ಘೋಷಣೆ ಬೇಡ, ನಾವೇ ಎಣಿಸಿದ ಸಂಖ್ಯೆ ಇರಲಿ ಅಂದೆ. ಮುಖ ಸಿಂಡರಿಸಿ ಒಪ್ಪಿದಳು.

ಯೋಜನೆಯ ವರದಿ 84 ಪುಟ. ಅದನ್ನು ಓದುವುದು ಹೇಗೆಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಹಾಗಾಗಿ ಮೊದಲಿಂದ ಓದಿದೆವು. ಅದು ತಪ್ಪು. ಮೊದಲ ಪುಟಗಳಲ್ಲಿ ಇರುವುದು ಆಸೆ. ಹೂರಣ ಇರುವುದು ಹಿಂದಿನ ಅನುಬಂಧಗಳಲ್ಲಿ. ಪರಿಣಾಮಗಳ ಕೋಷ್ಟಕದಲ್ಲಿ "ನಗಣ್ಯ" ಎಂಬ ಪದ ಹದಿನಾಲ್ಕು ಸಲ ಇತ್ತು. ದೂಳು: ನಗಣ್ಯ. ಸದ್ದು: ನಗಣ್ಯ. ಪಕ್ಷಿ: ನಗಣ್ಯ. ಯಾಕೆ ನಗಣ್ಯ ಅನ್ನುವ ಕಲಮ್ಮೇ ಇರಲಿಲ್ಲ. ಮೂರನೇ ಅನುಬಂಧದಲ್ಲಿ ಮರಗಳ ಪಟ್ಟಿ, ಒಟ್ಟು 143.

ಸರಿ, ಎಣಿಸೋಣ ಅಂತ ಹೊರಟೆವು. ಎಣಿಸುವುದೆಂದರೆ ಬೆರಳು ಮಡಚುತ್ತಾ ನಡೆದುಹೋಗುವುದು ಅಂದುಕೊಂಡಿದ್ದೆವು. ಎರಡು ತಂಡ ಮಾಡಿಕೊಂಡು ಎಣಿಸಿದಾಗ ಒಂದಕ್ಕೆ 158 ಬಂತು, ಇನ್ನೊಂದಕ್ಕೆ 176. ವರದಿಯನ್ನು ಬೈಯಲು ಹೋದವರು ನಾವೇ ನಾವೇ ಬೈದಾಡಿಕೊಂಡೆವು. ಬುಡದಲ್ಲೇ ಕವಲೊಡೆದ ಮರ ಒಂದೋ ಎರಡೋ? ಕಾಂಪೌಂಡಿನ ಒಳಗೆ ಬುಡ, ರಸ್ತೆಯ ಮೇಲೆ ಕೊಂಬೆ, ಅದು ಯಾರ ಲೆಕ್ಕ? ಲಾರಿ ನಿಂತಿದ್ದ ಕಡೆ ಹಿಂದೆ ಮೂರು ಮರ ಇದ್ದವು, ನೋಡಿದೆಯಾ? ಅರಣ್ಯಶಾಸ್ತ್ರ ಓದುತ್ತಿದ್ದ ಪರಿಚಯದ ಅಕ್ಕ ಒಬ್ಬರು ನಮ್ಮ ಪಟ್ಟಿ ನೋಡಿ ನಕ್ಕು, ಟೇಪು ಹಿಡಿಯುವುದನ್ನು ಕಲಿಸಿಕೊಟ್ಟರು. ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ಹೆಚ್ಚುಕಡಿಮೆ ಎದೆಮಟ್ಟದಲ್ಲಿ, ಸುತ್ತಳತೆ ತೆಗೆಯಬೇಕು. ಇಳಿಜಾರಿದ್ದರೆ ಮೇಲುಬದಿಯಲ್ಲಿ ನಿಂತು ಅಳೆಯಬೇಕು. ಆ ಎತ್ತರಕ್ಕಿಂತ ಕೆಳಗೇ ಕವಲೊಡೆದಿದ್ದರೆ ಪ್ರತಿ ಕಾಂಡದ ಅಳತೆಯನ್ನೂ ಬೇರೆ ಬೇರೆ ಬರೆಯಬೇಕು. "ಎಲ್ಲಕ್ಕಿಂತ ಮೊದಲು ಸೀಮೆಸುಣ್ಣದಲ್ಲಿ ನಂಬರ್ ಹಾಕ್ರೋ, ಆಮೇಲೆ ಜಗಳ ಆಡಿ" ಅಂದರು.

ಮೂರು ಭಾನುವಾರ ಅದೇ ಕೆಲಸ. ಒಬ್ಬಳು ನಂಬರ್ ಹಾಕುವುದು, ಇಬ್ಬರು ಟೇಪು ಸುತ್ತುವುದು, ಒಬ್ಬ ಬರೆಯುವುದು, ಒಬ್ಬ ಫೋಟೊ ತೆಗೆಯುವುದು. ದಾರಿಯಲ್ಲಿ ಹೋಗುವವರು ನಿಂತು, "ಏನ್ ಮಾಡ್ತಿದ್ದೀರಿ ಮಕ್ಕಳೇ, ಪ್ರಾಜೆಕ್ಟಾ?" ಅನ್ನುತ್ತಿದ್ದರು. ಹೌದು ಅಂದರೆ ನಕ್ಕು ಮುಂದೆ ಹೋಗುತ್ತಿದ್ದರು. ಅಲ್ಲ, ಆಕ್ಷೇಪಣೆ ಸಲ್ಲಿಸೋದಕ್ಕೆ ಅಂದರೆ ಮುಖದ ನಗು ಮಾಯ. "ಯಾರು ಕಳಿಸಿದ್ದು ನಿಮ್ಮನ್ನ?" ಈ ಪ್ರಶ್ನೆ ಆಮೇಲೆ ಎಷ್ಟು ಸಲ ಕೇಳಿಸಿಕೊಂಡೆ ಅಂದರೆ, ಈಗ ಯಾರಾದರೂ ಕೇಳದಿದ್ದರೆ ಕೆಲಸ ಸರಿಯಾಗಿ ಆಗಿಲ್ಲವೇನೋ ಅನ್ನಿಸುತ್ತದೆ.

ಕೊನೆಯ ಎಣಿಕೆ 171. ವರದಿಯಲ್ಲಿ ಇಲ್ಲದವು 28. ಹೆಚ್ಚಿನವು ಸಣ್ಣ ಮರಗಳು, ಯಾವುದೋ ಅಳತೆಗಿಂತ ಕಡಿಮೆ ಇರುವುದನ್ನು ಬಿಟ್ಟಿರಬಹುದು ಅಂದುಕೊಳ್ಳೋಣ. ಆದರೆ ಅದರಲ್ಲಿ ಆರು, ಇಬ್ಬರು ಕೈ ಕೈ ಹಿಡಿದರೂ ತೆಕ್ಕೆಗೆ ಸಿಗದಂಥವು. ಅವು ಹೇಗೆ ಕಣ್ಣಿಗೆ ಬೀಳಲಿಲ್ಲವೋ.

ಗಾಳಿಯ ವಿಷಯದಲ್ಲಿ ಮಾತ್ರ ಚೆನ್ನಾಗಿ ಎಡವಿದೆವು. ಪಿ.ಎಂ. 2.5, ಅಂದರೆ ಗಾಳಿಯಲ್ಲಿರುವ ಅತಿ ಸಣ್ಣ ದೂಳಿನ ಕಣ, ಅಳೆಯುವ ಪುಟ್ಟ ಸೆನ್ಸರ್ ಒಂದನ್ನು ಎರಡು ವಾರಕ್ಕೆ ಎರವಲು ತಂದಿದ್ದೆವು. ಮರ ಇರುವ ಕಡೆ, ಮರ ಇಲ್ಲದ ಕಡೆ ಎರಡೂ ಕಡೆ ಅಳೆದು ಹೋಲಿಸುವ ಯೋಚನೆ. ನಾಲ್ಕು ಬೆಳಗ್ಗೆ ಅಂಕಿ 300 ದಾಟಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ದಿನದ ಸರಾಸರಿಗೆ ಘನ ಮೀಟರಿಗೆ 15 ಮೈಕ್ರೊಗ್ರಾಂ. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ: ಗಾಳಿ ಇಷ್ಟು ಕೆಟ್ಟಿದೆ ಅಂತ ಗೊತ್ತಾಗಿ ನಾವು ಕುಣಿದಾಡಿದೆವು. ಸಿಕ್ಕಿತಲ್ಲ ಸಾಕ್ಷಿ! ಭೌತಶಾಸ್ತ್ರದ ಮೇಷ್ಟರಿಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಆ ನಾಲ್ಕು ದಿನ ಮಂಜು ಇತ್ತಾ?" ಇತ್ತು. ಆ ಬಗೆಯ ಸೆನ್ಸರ್ ಲೇಸರ್ ಬೆಳಕು ಚದುರುವುದನ್ನು ನೋಡಿ ಕಣಗಳ ಲೆಕ್ಕ ಹಾಕುತ್ತದೆ. ಮಂಜಿನ ಹನಿಗೂ ದೂಳಿಗೂ ಅದಕ್ಕೆ ವ್ಯತ್ಯಾಸ ತಿಳಿಯದು. ತೇವ ಹೆಚ್ಚಿದಾಗ ದೂಳಿನ ಕಣಗಳೂ ನೀರು ಹೀರಿ ಊದಿಕೊಂಡು ಅಂಕಿ ಏರಿಸುತ್ತವೆ.

"ಇದು ಯಾರಿಗೆ ಗೊತ್ತಾಗುತ್ತೆ, ಇರಲಿ ಬಿಡು" ಅಂದ ನಮ್ಮಲ್ಲೊಬ್ಬ. ರಾತ್ರಿ ಹನ್ನೊಂದರವರೆಗೆ ವಾದ ನಡೆಯಿತು. ಕೊನೆಗೆ ಆ ನಾಲ್ಕು ದಿನದ ಅಂಕಿ ಕೈಬಿಟ್ಟು, ಯಾಕೆ ಕೈಬಿಟ್ಟೆವು ಅನ್ನುವುದನ್ನೂ ಆಕ್ಷೇಪಣೆಯಲ್ಲೇ ಬರೆದೆವು. ಉಳಿದ ಹತ್ತು ದಿನದಲ್ಲಿ ಎರಡೂ ಕಡೆಯ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಅದನ್ನೂ ಬರೆದೆವು. ಆ ಪುಟ ಟೈಪ್ ಮಾಡುವಾಗ ನನಗೆ ಅಳುವೇ ಬಂದಿತ್ತು, ಈ ಸಲ ವೇದಿಕೆ ಇರಲಿಲ್ಲ ಅಷ್ಟೆ.

ಆಕ್ಷೇಪಣೆ ಕೊಡಲು ಹೋದಾಗ ಕೌಂಟರಿನಲ್ಲಿದ್ದವರು ಕನ್ನಡಕದ ಮೇಲಿಂದ ನೋಡಿ, "ಹದಿನೆಂಟು ಆಗಿದೆಯೇನಮ್ಮಾ? ಆಗಿಲ್ಲಾಂದ್ರೆ ಅಪ್ಪ ಅಮ್ಮನ ಸಹಿ ಹಾಕಿಸ್ಕೊಂಡು ಬಾ" ಅಂದರು. ನಾನು ಇದಕ್ಕೆಂದೇ ಓದಿಕೊಂಡು ಹೋಗಿದ್ದೆ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ: ತನಗೆ ಸಂಬಂಧಪಟ್ಟ ವಿಷಯದಲ್ಲಿ ಮಗುವಿಗೆ ಅಭಿಪ್ರಾಯ ಹೇಳುವ ಹಕ್ಕಿದೆ, ಅದಕ್ಕೆ ವಯಸ್ಸಿಗೆ ತಕ್ಕ ಬೆಲೆ ಕೊಡಬೇಕು. ಅದರ ಮೇಲೆ 2023ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ ಪರಿಸರ ಮತ್ತು ಹವಾಮಾನದ ಬಗ್ಗೆಯೇ ಹೊರಡಿಸಿದ 26ನೇ ಸಾಮಾನ್ಯ ವ್ಯಾಖ್ಯೆ. ಅದಕ್ಕೆ 121 ದೇಶಗಳ 16,000ಕ್ಕೂ ಹೆಚ್ಚು ಮಕ್ಕಳ ಅಭಿಪ್ರಾಯ ಸೇರಿದೆ. ಪರಿಸರದ ನಿರ್ಧಾರಗಳಲ್ಲಿ ಜನರೂ ಭಾಗವಹಿಸಬೇಕು ಅನ್ನುವ 1992ರ ರಿಯೊ ಘೋಷಣೆಯ 10ನೇ ತತ್ತ್ವ ಬೇರೆ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಗೆಳತಿ ಪ್ರಕಟಣೆಯ ಪ್ರತಿ ಮುಂದಿಟ್ಟು, "ಮೇಡಂ, ಇಲ್ಲಿ 'ಆಸಕ್ತರು ಯಾರಾದರೂ' ಅಂತಿದೆ. ವಯಸ್ಸು ಬರೆದಿಲ್ಲ" ಅಂದಳು. ಅವರು ಒಮ್ಮೆ ಓದಿ, ಟಪ್ಪೆಂದು ಸ್ವೀಕೃತಿ ಮುದ್ರೆ ಒತ್ತಿಕೊಟ್ಟರು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಡಲು ಹೊರಟಿದ್ದೆ ನಾನು.

ಇನ್ನು ವಿಚಾರಣೆಯಲ್ಲಿ ನಮಗೆ ಸಿಗುವ ಮೂರು ನಿಮಿಷದ ಮಾತು. ನನ್ನ ವೇಗಕ್ಕೆ ಮೂರು ನಿಮಿಷವೆಂದರೆ ಇನ್ನೂರೈವತ್ತು ಪದ. ಮೊದಲ ಕರಡು ಒಂಬೈನೂರು ಪದ ಇತ್ತು. ಗೆಳತಿ ಒಂದು ಕಟ್ಟಳೆ ಹಾಕಿದಳು: "ಪುಟ ಸಂಖ್ಯೆ ಇಲ್ಲದ ವಾಕ್ಯ ಓದಬೇಡ." ಹಾಗೆ ಕತ್ತರಿಸುತ್ತಾ ಹೋದಾಗ ನನಗೆ ಬಹಳ ಇಷ್ಟವಾಗಿದ್ದ ಹಕ್ಕಿಗೂಡಿನ ಸಾಲು ಹೋಯಿತು. ಅಪ್ಪ ನನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಆ ನೆರಳಿನಲ್ಲಿ ಹೋಗುತ್ತಿದ್ದದ್ದೂ ಹೋಯಿತು. ಅದಕ್ಕೆ ಈಗಲೂ ಸ್ವಲ್ಪ ಬೇಸರವಿದೆ. ನೆನಪಿಗೆ ಪುಟ ಸಂಖ್ಯೆ ಇರುವುದಿಲ್ಲ ನಿಜ, ಹಾಗಂತ ಅದು ಸಾಕ್ಷ್ಯವೇ ಅಲ್ಲ ಅಂತ ನಾನು ಒಪ್ಪುವುದಿಲ್ಲ. ಆದರೆ ಇದ್ದದ್ದು ಮೂರೇ ನಿಮಿಷ.

ಎಲ್ಲಕ್ಕಿಂತ ಕಷ್ಟವಾದದ್ದು, ಕೊನೆಗೆ ಏನು ಕೇಳಬೇಕು ಅನ್ನುವುದು. "ಮರ ಉಳಿಸಿ" ಅಂದರೆ ಆಯಿತಲ್ಲ ಅನ್ನಿಸುತ್ತದೆ. ಆ ದಿನಗಳಲ್ಲಿ ಬೇರೆ ದೇಶಗಳ ಯುವಜನರು ಹೂಡಿದ ಮೊಕದ್ದಮೆಗಳ ಬಗ್ಗೆ ಓದುತ್ತಿದ್ದೆ. ಅಮೆರಿಕದಲ್ಲಿ 21 ಮಂದಿ ಮಕ್ಕಳು, ಯುವಕರು 2015ರಲ್ಲಿ ತಮ್ಮ ಸರ್ಕಾರದ ಮೇಲೆಯೇ ಕೇಸು ಹಾಕಿದ್ದರು. ಹಾನಿ ಆಗುತ್ತಿದೆ ಅನ್ನುವುದನ್ನು ಮೇಲ್ಮನವಿ ನ್ಯಾಯಾಲಯ ಅಲ್ಲಗಳೆಯಲಿಲ್ಲ. ಆದರೆ ಇಡೀ ದೇಶಕ್ಕೆ ಯೋಜನೆ ಮಾಡಿ ಎಂದು ಆದೇಶಿಸುವುದು ತನ್ನ ಕೈಮೀರಿದ್ದು ಎಂದು 2020ರಲ್ಲಿ ಕೈಚೆಲ್ಲಿತು. ಅದೇ ದೇಶದ ಮೊಂಟಾನಾ ರಾಜ್ಯದಲ್ಲಿ 16 ಮಂದಿ ಕೇಳಿದ್ದು ಇದಕ್ಕಿಂತ ಕಿರಿದಾದದ್ದು. ಯೋಜನೆಗಳ ಪರಿಸರ ಪರಿಶೀಲನೆಯಲ್ಲಿ ಹಸಿರುಮನೆ ಅನಿಲಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂಬ ಕಾನೂನು ಅಲ್ಲಿತ್ತು. ಅದು ರಾಜ್ಯದ ಸಂವಿಧಾನಕ್ಕೆ ವಿರುದ್ಧ ಅನ್ನುವುದು ಅವರ ವಾದ. 2023ರ ಆಗಸ್ಟ್‌ನಲ್ಲಿ ಗೆದ್ದರು, 2024ರ ಡಿಸೆಂಬರ್‌ನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಎದುರಿಗೆ ಕೂತವರ ಕೈಯಲ್ಲಿ ಆಗುವುದನ್ನು ಕೇಳಬೇಕು ಎಂದು ಆಗ ಹೊಳೆಯಿತು. ರಸ್ತೆ ಬೇಡ ಅನ್ನುವ ಅಧಿಕಾರ ವಿಚಾರಣೆ ನಡೆಸುವ ಸಮಿತಿಗೆ ಇರಲಿಲ್ಲ. ಮರುಎಣಿಕೆ ಆಗುವವರೆಗೆ ಅನುಮತಿ ತಡೆಹಿಡಿಯುವ ಅಧಿಕಾರ ಇತ್ತು. ನಮ್ಮ ಬೇಡಿಕೆ ಒಂದೇ ಸಾಲಾಯಿತು: ಜಂಟಿ ಮರುಎಣಿಕೆ ಮಾಡಿ, ರಸ್ತೆಯನ್ನು ಒಂದೇ ಬದಿಗೆ ಅಗಲ ಮಾಡಿದರೆ ಎಷ್ಟು ಮರ ಉಳಿಯುತ್ತವೆ ಅನ್ನುವುದನ್ನು ವರದಿಗೆ ಸೇರಿಸಿ.

ವಿಚಾರಣೆಯ ದಿನ. ಹೊರಗೆ ಗೆಳತಿ "171" ಅಂತ ಮಾತ್ರ ಬರೆದ ಫಲಕ ಹಿಡಿದು ನಿಂತಿದ್ದಳು. ಏನದು ಅಂತ ಕೇಳದೆ ಒಬ್ಬರೂ ಒಳಗೆ ಹೋಗುತ್ತಿರಲಿಲ್ಲ. ಆ ಮಟ್ಟಿಗೆ ಘೋಷಣೆಗಿಂತ ಅದೇ ಚೆನ್ನಾಗಿ ಕೆಲಸ ಮಾಡಿತು. ಒಳಗೆ ಅಧ್ಯಕ್ಷರು ನಮ್ಮನ್ನು ಕಂಡೊಡನೆ ಪ್ರೀತಿಯಿಂದಲೇ, "ಮಕ್ಕಳು ಮೊದಲು ಮಾತಾಡಿಬಿಡಲಿ, ಪಾಪ, ಓದೋದಿರುತ್ತೆ" ಅಂದರು. ಪ್ರಾರ್ಥನೆ ಹಾಡುವವರನ್ನು ಮೊದಲು ಮುಗಿಸಿ ಕಳಿಸುವ ಹಾಗೆ. ಕಾಲು ನಡುಗುತ್ತಿದ್ದರೂ ಎದ್ದು, "ಸರ್, ಇಂಜಿನಿಯರ್ ವರದಿ ಮಂಡಿಸಿದ ಮೇಲೆ ನಮ್ಮ ಸರದಿ ಬರಲಿ. ನಮ್ಮ ಮಾತು ಅವರ ಅನುಬಂಧದ ಮೇಲಿದೆ" ಅಂದೆ. ಅಧ್ಯಕ್ಷರ ಹುಬ್ಬು ಮೇಲೇರಿತು. ನಮ್ಮ ಸರದಿ ಬರುವಾಗ ನಾಲ್ಕು ಗಂಟೆ ಕಳೆದಿತ್ತು, ಅರ್ಧ ಕುರ್ಚಿ ಖಾಲಿ.

ಓದಲು ಶುರುಮಾಡಿದೆ. ಮೂರನೇ ಅನುಬಂಧ, 61ನೇ ಪುಟ, ಇಷ್ಟು ಅಂತಿದೆ. ನಾವು ಕಂಡದ್ದು ಇಷ್ಟು. ಒಂದು ನಿಮಿಷ ಆಗಿರಬೇಕು, ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು, ಇನ್ನಷ್ಟು ಜನ ಸೇರಿಕೊಂಡರು. ಅಧ್ಯಕ್ಷರು ಮುಗುಳ್ನಕ್ಕು, "ಬಹಳ ಚೆನ್ನಾಗಿ ಮಾತಾಡ್ತೀಯಮ್ಮ" ಅಂದರು. ನನ್ನ ಮೂರು ನಿಮಿಷ ಓಡುತ್ತಿತ್ತು. ಬಾಯಿಂದ ಬಂದದ್ದು ತಯಾರಿ ಮಾಡಿಕೊಂಡ ಮಾತಲ್ಲ: "ಸರ್, ಚಪ್ಪಾಳೆ ಬೇಡ, ದಯವಿಟ್ಟು ಬರೆದುಕೊಳ್ಳಿ." ಸಭೆ ತೆಪ್ಪಗಾಯಿತು. ಒರಟಾಯಿತೇನೋ ಎಂದು ನನ್ನ ಕಿವಿ ಬಿಸಿಯಾಯಿತು. ಆಗ ಮೂಲೆಯ ಮೇಜಿನಲ್ಲಿ ನಡಾವಳಿ ಬರೆಯುತ್ತಿದ್ದವರು ತಲೆ ಎತ್ತಿ ಕೇಳಿದರು: "ಎಷ್ಟನೇ ಪುಟ ಅಂದ್ರಿ?"

ಆವತ್ತಿನವರೆಗೆ ಯಾವ ಹೊಗಳಿಕೆಗೂ ಆಗದಷ್ಟು ಸಂತೋಷ ಆ ಪ್ರಶ್ನೆಗೆ ಆಯಿತು.

ಇಂಜಿನಿಯರ್ ಸುಮ್ಮನಿರಲಿಲ್ಲ. ಗಾಳಿಯ ಅಂಕಿಗಳ ಪುಟ ತಿರುವಿ, "ಇಂಥ ಸೆನ್ಸರ್ ಮಂಜಿನಲ್ಲಿ ಸುಳ್ಳು ಹೇಳುತ್ತೆ, ಗೊತ್ತಾ?" ಅಂದರು. "ಗೊತ್ತು ಸರ್, ಅದಕ್ಕೇ ನಾಲ್ಕು ದಿನ ಬಿಟ್ಟಿದ್ದೇವೆ, ಏಳನೇ ಪುಟದ ಕೆಳಗಿದೆ" ಅಂದೆ. ಅವರು ಓದಿದರು. ಆಮೇಲೆ ಮರಗಳ ಎಣಿಕೆಯ ಬಗ್ಗೆ ಅವರು ತಕರಾರು ತೆಗೆಯಲಿಲ್ಲ. ಆ ನಾಲ್ಕು ದಿನವನ್ನು ಮುಚ್ಚಿಟ್ಟಿದ್ದರೆ 171 ಕೂಡ ಅಲ್ಲೇ ಮುಳುಗುತ್ತಿತ್ತು.

ನನ್ನ ಬಾಯಿ ಕಟ್ಟಿಸಿದವರು ಇಂಜಿನಿಯರ್ ಅಲ್ಲ. ಮಧ್ಯವಯಸ್ಸಿನ ಒಬ್ಬರು ಎದ್ದು ನಿಂತು ನನ್ನತ್ತ ಬೆರಳು ಮಾಡಿ, "ನಿಮಗೆ ಮರದ ಚಿಂತೆ. ನಮ್ಮಪ್ಪನ್ನ ಕರ್ಕೊಂಡು ಹೋಗ್ತಿದ್ದ ಆಂಬುಲೆನ್ಸ್ ಅದೇ ರಸ್ತೇಲಿ ಇಪ್ಪತ್ತು ನಿಮಿಷ ನಿಂತಿತ್ತು. ಅದನ್ನ ಯಾವ ಪುಟದಲ್ಲಿ ಬರೀತೀಯಮ್ಮ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇದೆ ಅಂತ ನಟಿಸಲೂ ಇಲ್ಲ. ಸಭೆ ಮುಗಿದ ಮೇಲೆ ಹುಡುಕಿಕೊಂಡು ಹೋಗಿ ಮಾತನಾಡಿಸಿದೆ. ಮೊದಲು ಮುಖ ಕೊಡಲಿಲ್ಲ. ನಾವು ರಸ್ತೆ ಬೇಡ ಅಂದಿಲ್ಲ, ಒಂದು ಬದಿಗೆ ಅಗಲ ಮಾಡಿದರೆ ಏನಾಗುತ್ತೆ ನೋಡಿ ಅಂದಿದ್ದೇವೆ ಅಂತ ನಕ್ಷೆ ತೋರಿಸಿದೆ. "ಅದನ್ನೇ ಮೊದಲು ಹೇಳಬೇಕಿತ್ತು" ಅಂದರು. ಹೇಳಿದ್ದೆ, ಆದರೆ ಕೊನೆಯ ಸಾಲಿನಲ್ಲಿ. ಅದು ನನ್ನ ತಪ್ಪೇ.

ಕರಡು ನಡಾವಳಿ ಬಂದಾಗ ನಮ್ಮದು ಒಂದು ಪ್ಯಾರಾ ತುಂಬ ಇತ್ತು. ಆದರೆ ಅದು ಮುಗಿದದ್ದು "ಯೋಜನೆಗೆ ವಿರೋಧ ವ್ಯಕ್ತಪಡಿಸಿದರು" ಎಂದು. ನಾವು ಕೇಳಿದ್ದು ಮರುಎಣಿಕೆ. ವಿರೋಧ ಅಂತಾದರೆ ಅದನ್ನು ತಿರಸ್ಕರಿಸಿದರೆ ಮುಗಿಯಿತು. ಮರುಎಣಿಕೆ ಅಂತಾದರೆ ಉತ್ತರ ಕೊಡಬೇಕಾಗುತ್ತದೆ. ತಿದ್ದುಪಡಿ ಕೋರಿ ಪತ್ರ ಬರೆದೆವು. ಉತ್ತರ ಬರಲಿಲ್ಲ. ಸ್ವೀಕೃತಿಯ ಪ್ರತಿ ಲಗತ್ತಿಸಿ ಮತ್ತೊಂದು ಬರೆದೆವು. ಮೂರನೆಯದಕ್ಕೆ ಸಾಲು ಬದಲಾಯಿತು.

ಈ ಕಾಗದದ ಓಡಾಟದ ನಡುವೆಯೇ ನಾವು ಕುಸಿದದ್ದು. ಸಭೆಯ ವಿಡಿಯೊ ಹರಿದಾಡಿ, "ಯಾರು ಬರೆದುಕೊಟ್ಟದ್ದು?", "ಓದೋದು ಬಿಟ್ಟು ಇದೇನು?" ಎಂಬಲ್ಲಿಂದ ಶುರುವಾಗಿ ಇಲ್ಲಿ ಬರೆಯಲಾಗದಂಥ ಮಾತಿನವರೆಗೂ ಬಂತು. ಅಮ್ಮ ನನ್ನ ಫೋನ್ ಎರಡು ವಾರ ಎತ್ತಿಟ್ಟರು. ಐವರಲ್ಲಿ ಒಬ್ಬ, ಸೆನ್ಸರಿನ ಜಗಳದಲ್ಲಿ ಸೋತವನು, ಪರೀಕ್ಷೆ ಇದೆ ಅಂತ ಬಿಟ್ಟುಹೋದ. ನಿದ್ದೆ ಬಾರದ ರಾತ್ರಿಗಳಲ್ಲಿ, 2021ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ನಿಯತಕಾಲಿಕೆಯ ಬಳಗದ ಪತ್ರಿಕೆಯಲ್ಲಿ ಬಂದ ಒಂದು ಸಮೀಕ್ಷೆ ಓದಿದೆ. ಹತ್ತು ದೇಶಗಳ 16ರಿಂದ 25 ವಯಸ್ಸಿನ 10,000 ಮಂದಿಯನ್ನು ಕೇಳಿದಾಗ ಶೇಕಡ 59 ಮಂದಿ ಹವಾಮಾನ ಬದಲಾವಣೆಯ ಬಗ್ಗೆ ತೀವ್ರ ಚಿಂತೆಯಲ್ಲಿದ್ದರು; ಆ ಚಿಂತೆ ದಿನನಿತ್ಯದ ಬದುಕಿಗೂ ತಟ್ಟುತ್ತಿದೆ ಎಂದವರು ಶೇಕಡ 45ಕ್ಕೂ ಹೆಚ್ಚು. ನಾನೊಬ್ಬಳೇ ಅಲ್ಲ ಅನ್ನುವುದು ಸಮಾಧಾನವೋ ಇನ್ನಷ್ಟು ಗಾಬರಿಯೋ ತಿಳಿಯಲಿಲ್ಲ. ಟೇಪು ಹಿಡಿದು ಓಡಾಡಿದರೆ ಈ ಸಂಕಟ ಹೋಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಭಾನುವಾರ ಹೋಗಿರುತ್ತೆ, ಸೋಮವಾರ ಬರುತ್ತೆ.

ಐದು ತಿಂಗಳ ಮೇಲೆ ಜಂಟಿ ಮರುಎಣಿಕೆ ನಡೆಯಿತು. ಅವರ ಸಂಖ್ಯೆ 168. ಮೂರು ಮರಕ್ಕೆ ನಾವು ಜಗಳ ಮಾಡಲಿಲ್ಲ. ಅದರಲ್ಲಿ ಒಂದು ನಿಜಕ್ಕೂ ಕಾಂಪೌಂಡಿನೊಳಗಿತ್ತು. ಒಂದೇ ಬದಿಗೆ ಅಗಲ ಮಾಡುವ ನಕ್ಷೆ ಬಂತು. 97 ಮರ ಉಳಿದವು, 71 ಹೋದವು. ಕಡಿಯುವ ದಿನ ನಾನು ಹೋಗಲಿಲ್ಲ. ಗೆಳತಿ ಹೋಗಿದ್ದಳು. ಬಂದವಳು ಯಾರೊಡನೆಯೂ ಮಾತನಾಡದೆ ಮಲಗಿದಳು. 97ನ್ನು ಗೆಲುವು ಅನ್ನುವವರಿದ್ದಾರೆ, 71ನ್ನು ಸೋಲು ಅನ್ನುವವರಿದ್ದಾರೆ. ಅವಳಿಗೂ ನನಗೂ ಈ ವಿಷಯದಲ್ಲಿ ಈಗಲೂ ಒಮ್ಮತವಿಲ್ಲ.

ಕಳೆದ ವರ್ಷ ಜುಲೈ ತಿಂಗಳ ಒಂದು ಸುದ್ದಿಯನ್ನು ಮಾತ್ರ ಇಬ್ಬರೂ ಒಟ್ಟಿಗೆ ಕೂತು ಓದಿದ್ದೆವು. 2019ರಲ್ಲಿ ಪೆಸಿಫಿಕ್ ದ್ವೀಪಗಳ 27 ಕಾನೂನು ವಿದ್ಯಾರ್ಥಿಗಳು, ಹವಾಮಾನದ ವಿಷಯದಲ್ಲಿ ದೇಶಗಳ ಹೊಣೆ ಏನೆಂದು ಅಂತಾರಾಷ್ಟ್ರೀಯ ನ್ಯಾಯಾಲಯವನ್ನೇ ಕೇಳಿಸೋಣ ಎಂದು ತಮ್ಮ ನಾಯಕರಿಗೆ ಪತ್ರ ಬರೆಯಲು ಶುರುಮಾಡಿದ್ದರು. ವನುವಾಟು ದೇಶ ಅದನ್ನು ಕೈಗೆತ್ತಿಕೊಂಡಿತು. 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಮಹಾಸಭೆ ಒಮ್ಮತದಿಂದ ಆ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಕಳಿಸಿತು. 2025ರ ಜುಲೈ 23ರಂದು ಉತ್ತರ ಬಂತು: ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ. "ಆರು ವರ್ಷ ಕಣೇ, ನಿನ್ನ ಮೂರು ಪತ್ರ ಯಾವ ಲೆಕ್ಕ" ಅಂತ ಗೆಳತಿ ನಕ್ಕಳು.

ಹೋದ ತಿಂಗಳು ಗೊತ್ತಿಲ್ಲದ ನಂಬರಿನಿಂದ ಒಂದು ಕರೆ ಬಂತು. ದನಿ ಕೇಳಿದ ಕೂಡಲೇ ಗುರುತು ಸಿಕ್ಕಿತು, ಆಂಬುಲೆನ್ಸಿನ ಮಾತು ಹೇಳಿದವರು. ನನ್ನ ನಂಬರ್ ಹೇಗೆ ಸಿಕ್ಕಿತೆಂದು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಅವರ ಮನೆಯ ಹಿಂದಿನ ಖಾಲಿ ಜಾಗದಲ್ಲಿ ರಾತ್ರಿ ಹೊತ್ತು ಯಾರೋ ತಂದು ಪ್ಲಾಸ್ಟಿಕ್ ಕಸ ಸುಡುತ್ತಾರಂತೆ. ಎರಡು ಸಲ ಬಾಯಿಮಾತಲ್ಲಿ ಹೇಳಿ ಬಂದರಂತೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲವಂತೆ. "ಯಾವ್ಯಾವ ದಿನ, ಎಷ್ಟು ಗಂಟೆಗೆ, ಎಲ್ಲಾ ಬರೆದಿಟ್ಟಿದೀನಮ್ಮ. ಫೋಟೊನೂ ಇದೆ. ಆ ಮುದ್ರೆ ಹಾಕಿಸ್ಕೋಬೇಕು ಅಂತಿದ್ಯಲ್ಲ, ಅದು ಯಾವ ಕೌಂಟರು?"